ದರಕು ಗುಡಿಸಿದ ಬೆಟ್ಟ, ಗುಡಿಸದ ಬೆಟ್ಟ

ನೀವು ಕೇಳಿದ್ದು ಎರಡು. ಯಾರೂ ಗೊಬ್ಬರ ಹಾಕದಿದ್ದರೂ, ನೀರು ಬಿಡದಿದ್ದರೂ ಕಾಡು ಹೇಗೆ ಬೆಳೆಯುತ್ತದೆ? ಕಾಡಿನಿಂದ ತರುತ್ತಲೇ ಅದನ್ನು ಉಳಿಸಿಕೊಳ್ಳಬಹುದಾ?

ನಾನು ಅರಣ್ಯಶಾಸ್ತ್ರ ಓದಿದವನಲ್ಲ, ಶಿರಸಿ ಕಡೆಯ ಅಡಿಕೆ ಬೆಳೆಗಾರ. ನಮಗೊಂದು ಸೊಪ್ಪಿನ ಬೆಟ್ಟ ಇದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ತೋಟದವರು ಸೊಪ್ಪು, ದರಕು ತರಲಿ ಎಂದು ಬ್ರಿಟಿಷರ ಕಾಲದಿಂದ ಬಿಟ್ಟ ಕಾಡು ಅದು. ದರಕು ಅಂದರೆ ಒಣಗಿ ಬಿದ್ದ ಎಲೆ. ನಮ್ಮ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಸೊಪ್ಪು, ದರಕು ಕೊಟ್ಟಿಗೆಗೆ ಹೋಗಿ, ಸಗಣಿ ಜೊತೆ ಕಳಿತು ತೋಟ ಸೇರುತ್ತದೆ. ಒಂದು ಎಕರೆ ಸಾಕಲು ಒಂಬತ್ತು ಎಕರೆಯ ಎಲೆ! ಎಲೆಗೆ ಇರುವ ಬೆಲೆ ಇದು.

ನಮ್ಮ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಕೆಳಗೆ ಅಗೆದರೆ ಬರೀ ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು. ಹಾಗಾಗಿ ಕಾಡಿನ ಸಾರ ಆಳದಲ್ಲಿ ಜಾಸ್ತಿ ಇಲ್ಲ, ಮರದಲ್ಲಿ ಮತ್ತು ಮೇಲಿನ ಎಲೆ ಹಾಸಿನಲ್ಲಿದೆ. ಬೇಸಿಗೆಯಲ್ಲಿ ಎಲೆ ಉದುರುತ್ತದೆ. ಗೆದ್ದಲು, ಎರೆಹುಳು, ಅಣಬೆಯ ಬಿಳಿ ಎಳೆಗಳು ಅದನ್ನು ಪುಡಿ ಮಾಡುತ್ತವೆ. ಸಣ್ಣ ಬೇರುಗಳು ಅದೇ ಹಾಸಿನೊಳಗೆ ಬಂದು ಸಾರ ಹೀರುತ್ತವೆ. ಒಮ್ಮೆ ಕೈಯಿಂದ ದರಕು ಸರಿಸಿ ನೋಡಿ, ಬೇರಿನ ಬಲೆ ಕಾಣುತ್ತದೆ. ನೀರಿನ ಕಥೆಯೂ ಅಲ್ಲೇ. ಹನಿಯ ಪೆಟ್ಟನ್ನು ಎಲೆ ತಿನ್ನುತ್ತದೆ, ನೀರು ಓಡದೆ ಇಂಗುತ್ತದೆ, ಮಳೆ ನಿಂತ ಮೇಲೂ ಹಳ್ಳ ಹರಿಯುತ್ತದೆ.

ಇನ್ನು ಎರಡನೆಯದು. ನಮ್ಮಜ್ಜ ಸೊಪ್ಪು ಕಡಿಯುವಾಗ ತುದಿ ಮುಟ್ಟುತ್ತಿರಲಿಲ್ಲ, ಪಕ್ಕದ ಟೊಂಗೆ ಮಾತ್ರ. ಒಂದು ವರ್ಷ ಕಡಿದ ಮರಕ್ಕೆ ಮರುವರ್ಷ ರಜೆ. ಆಮೇಲೆ ನಾವು ಅವಸರದವರಾದೆವು. ಮರ ಬೋಳಾಯಿತು. ದರಕನ್ನು ಅಂಗಳ ಗುಡಿಸಿದ ಹಾಗೆ ಗುಡಿಸಿದೆವು. ಜಂಬಿಟ್ಟಿಗೆ ಎದ್ದಿತು, ಒಂದು ಸಸಿ ಕಾಣದಾಯಿತು. ಇದಕ್ಕೆ ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಹತ್ತು ವರ್ಷದ ಹಿಂದೆ ಮೇಲಿನ ಎರಡು ಎಕರೆಯಲ್ಲಿ ಗುಡಿಸುವುದು ಬಿಟ್ಟೆ. ದನ ನುಗ್ಗದಂತೆ ಅಗಳ ತೋಡಿಸಿದೆ. ಒಂದು ಗಿಡವನ್ನೂ ನೆಡಲಿಲ್ಲ. ಮೂರ್ನಾಲ್ಕು ಮಳೆಗಾಲ ಏನೂ ಆಗಲಿಲ್ಲ, ಮನೆಯವರು ನಕ್ಕರು. ಆಮೇಲೆ ಹಕ್ಕಿ ತಂದ ಬೀಜಗಳು ಮೊಳೆತವು. ಮುರುಗಲು ಬಂತು, ನೇರಳೆ ಬಂತು.

ಆದರೆ ಮರ ಕಡಿಯದಿದ್ದರೆ ಸಾಕು ಅಂದುಕೊಳ್ಳಬೇಡಿ. ನಮ್ಮ ಕಾಡಿನ ಹುಳಿ ಹಣ್ಣಿನ ಮರ ಉಪ್ಪಾಗೆ ನೋಡಿ. ಅದರ ಸಿಪ್ಪೆಯ ಹುಳಿಯಿಂದ ಮೈ ಇಳಿಸುವ ಔಷಧಿ ಮಾಡುತ್ತಾರೆ ಅಂತ 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ಬೆಲೆ ಬಂತು. ಹಣ್ಣಾಗಿ ಬೀಳುವವರೆಗೆ ಕಾಯುವವರು ಯಾರು? ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅಂತ ಕಾಯನ್ನೇ ಕೊಯ್ದರು, ಟೊಂಗೆ ಮುರಿದರು. ಕಾಯಿ ಕೊಯ್ದರೆ ಬೀಜವೂ ಬಲಿಯುವುದಿಲ್ಲ. ಬೆಳೆ ಬರುವುದು ಮಳೆಗಾಲದಲ್ಲಿ, ಹಾಗಾಗಿ ಸಿಪ್ಪೆ ಒಣಗಿಸಲು ಬೆಂಕಿ ಬೇಕು, ಬೆಂಕಿಗೆ ಕಟ್ಟಿಗೆ ಬೇಕು. ನನ್ನ ಪ್ರಕಾರ ಯಾರು, ಯಾವಾಗ ಕೊಯ್ಯಬೇಕು ಎಂದು ಊರವರು ಮೊದಲೇ ಕೂತು ಮಾತಾಡದಿದ್ದರೆ ಇಂಥದ್ದು ನಿಲ್ಲುವುದಿಲ್ಲ.

ಊರವರು ಅಂದದ್ದು ಸುಮ್ನೆ ಅಲ್ಲ. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಶಿರಸಿ ಕಡೆಯ ಸಾಲ್ಕಣಿ ಊರಿನ ಜನ ಹತ್ತಿರದ ಕಳಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ್ದರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಆದರೆ ಮರ ಅಪ್ಪಿಕೊಳ್ಳುವುದಕ್ಕಿಂತ ದರಕು ಬಿಡುವುದು ಕಷ್ಟ ಕಣ್ರೀ. ಈಗಲೂ ಮೇಲಿನ ಎರಡು ಎಕರೆಯ ದರಕು ನೋಡಿದಾಗೆಲ್ಲ ನಮ್ಮ ಆಳು ಕೇಳುತ್ತಾನೆ, "ಇಷ್ಟು ಗೊಬ್ಬರ ಹಾಳು ಮಾಡ್ತೀರಲ್ಲ ಒಡೆಯಾ" ಅಂತ.