ಜಗಳದ ಮಧ್ಯೆ ನಗು ಬಂದರೆ ಎದುರಿನವರನ್ನು ಹೀಯಾಳಿಸಿದಂತೆಯೇ?

ಇಲ್ಲ. ಎಷ್ಟೋ ಸಲ ಅದು ಸುಮ್ನೆ ಒತ್ತಡದ ನಗು.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಶುರು ಮಾಡಿದರು. ಪಕ್ಕದ ಕೋಣೆಯಲ್ಲಿ ಕೂತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಇನ್ನೂ ಜಾಸ್ತಿ ಕರೆಂಟ್ ಶಾಕ್ ಕೊಡಬೇಕು ಎಂದು 40 ಜನ ಗಂಡಸರಿಗೆ ಹೇಳಿದ್ದರು (ಶಾಕ್ ನಿಜವಲ್ಲ, ಆದರೆ ಅದು ಅವರಿಗೆ ಗೊತ್ತಿರಲಿಲ್ಲ). ಅವರು ಬೆವರಿದರು, ನಡುಗಿದರು, ತೊದಲಿದರು, ಮತ್ತು ಅವರಲ್ಲಿ 14 ಜನ ನಕ್ಕರು! ಆಮೇಲೆ ಕೇಳಿದರೆ, ನಮಗೇನೂ ಖುಷಿಯಾಗಿ ನಗು ಬಂದಿದ್ದಲ್ಲ ಎಂದು ಒತ್ತಿ ಹೇಳಿದರು. ಮನಸ್ಸು ಒಪ್ಪದ ಕೆಲಸವನ್ನು ಕೈ ಮಾಡುತ್ತಿದ್ದಾಗ ಆ ಎಳೆದಾಟ ನಗುವಾಗಿ ಹೊರಬಂದಿತ್ತು ಅಂತ ನನಗನಿಸುತ್ತದೆ.

ನಗುವಿಗೆ ಜೋಕ್ ಬೇಕೇ ಬೇಕು ಅಂತೇನಿಲ್ಲ. ನಗುವಿನ ಬಗ್ಗೆ ಅಧ್ಯಯನ ಮಾಡಿದ ವಿಜ್ಞಾನಿ ರಾಬರ್ಟ್ ಪ್ರೊವೈನ್, ಜನ ನಕ್ಕ ಸುಮಾರು 1200 ಸಂದರ್ಭ ಗಮನಿಸಿದಾಗ, ಜೋಕಿನಂಥ ಮಾತಿಗೆ ಬಂದ ನಗು ಶೇ. 20ಕ್ಕಿಂತ ಹೆಚ್ಚಿರಲಿಲ್ಲ. ಉಳಿದದ್ದೆಲ್ಲ ಮಾಮೂಲಿ ಮಾತಿನ ನಡುವಿನದು.

ಹಾಗಂತ ಚುಚ್ಚುವ ನಗು ಇಲ್ಲವೇ ಇಲ್ಲ ಅಂತಲ್ಲ. ಮಯಸಭೆಯಲ್ಲಿ ನೀರಿಗೆ ಬಿದ್ದ ದುರ್ಯೋಧನನನ್ನು ನೋಡಿ ನಕ್ಕಿದ್ದು ಎಷ್ಟು ದೂರ ಹೋಯಿತು ಅಂತ ಗೊತ್ತೇ ಇದೆ ಅಲ್ವಾ? ಕಷ್ಟ ಏನೆಂದರೆ, ಕೋಪದಲ್ಲಿರುವವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ. ಹಾಗಾಗಿ ನಗು ಬಂದರೆ ಅದುಮಿಟ್ಟು ಒದ್ದಾಡಬೇಡಿ, "ನನಗೆ ಗಾಬರಿಯಾದಾಗ ಹೀಗೇ ಆಗುತ್ತದೆ, ನಿಮ್ಮನ್ನು ನೋಡಿ ನಕ್ಕಿದ್ದಲ್ಲ" ಎಂದು ಆಗಲೇ ಹೇಳಿಬಿಡಿ.