ಸ್ಪೀಡ್ ಬಿಡಿ, ಮೊದಲು ವೈರ್ ನೋಡಿ

ಸಕಲೇಶಪುರದ ಓದುಗರೊಬ್ಬರ ಪತ್ರ: "ಏಲಕ್ಕಿ ಡ್ರೈಯರ್‌ನಲ್ಲಿ ಎಂಟು ಕಡೆ ಮೂರು ವೈರಿನ ಪಿಟಿ-100 ಉಷ್ಣಾಂಶ ಸೆನ್ಸರ್ ಹಾಕಿಸಿದ್ದೇನೆ. ಕಂಪ್ಯೂಟರ್ ಇರುವ ಕೋಣೆ 25 ಮೀಟರ್ ದೂರ. ಸೆಕೆಂಡಿಗೆ 1 ಲಕ್ಷ ರೀಡಿಂಗ್ ತೆಗೆಯುವ 16 ಬಿಟ್ ಯುಎಸ್‌ಬಿ ಡೇಟಾ ಅಕ್ವಿಸಿಷನ್ ಕಾರ್ಡ್ (ವೋಲ್ಟೇಜ್ ಅಳೆದು ಕಂಪ್ಯೂಟರಿಗೆ ಕೊಡುವ ಸಾಧನ) ಕಡಿಮೆ ಬೆಲೆಗೆ ಸಿಗುತ್ತಿದೆ. ಮಗ ಆರ್ಡುಯಿನೋ ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡೇ ಸಾಕು ಅನ್ನುತ್ತಾನೆ. ಯಾವುದು ತಗೊಳ್ಳಲಿ?"

ಸಂಪಾದಕರ ಉತ್ತರ:

ಆ ಯುಎಸ್‌ಬಿ ಕಾರ್ಡ್ ಬೇಡ. ಕಾರ್ಡ್ ಕೆಟ್ಟದ್ದು ಅಂತಲ್ಲ, ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ.

ಪಿಟಿ-100 ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಅದು ಪ್ಲಾಟಿನಂನ ಒಂದು ರೆಸಿಸ್ಟರ್ ಅಷ್ಟೇ. 0 ಡಿಗ್ರಿಯಲ್ಲಿ 100 ಓಮ್, 50 ಡಿಗ್ರಿಯಲ್ಲಿ 119.4 ಓಮ್. ಅಳೆಯಬೇಕಾದರೆ ಅದರೊಳಗೆ ಕರೆಂಟ್ ಹರಿಸಬೇಕು, ಸಾಮಾನ್ಯವಾಗಿ 1 ಮಿಲಿಆಂಪ್. ಜಾಸ್ತಿ ಹರಿಸಿದರೆ ಸೆನ್ಸರ್ ತಾನೇ ಬಿಸಿಯಾಗುತ್ತದೆ. ಈ ಕರೆಂಟಿಗೆ ಒಂದು ಡಿಗ್ರಿಗೆ ಬರುವ ವ್ಯತ್ಯಾಸ ಸುಮಾರು 0.385 ಮಿಲಿವೋಲ್ಟ್. ಸಾಮಾನ್ಯ ಕಾರ್ಡಿನ ±10 ವೋಲ್ಟ್ ರೇಂಜನ್ನು 16 ಬಿಟ್‌ಗೆ, ಅಂದರೆ 65,536 ಮೆಟ್ಟಿಲಿಗೆ ಹಂಚಿದರೆ ಒಂದು ಮೆಟ್ಟಿಲು 0.305 ಮಿಲಿವೋಲ್ಟ್. ಅಂದರೆ ರೀಡಿಂಗ್ 0.8 ಡಿಗ್ರಿಯಂತೆ ಹಾರುತ್ತಾ ಹೋಗುತ್ತದೆ. ಮೇಲಾಗಿ ಕರೆಂಟ್ ಕೊಡುವ ಸರ್ಕ್ಯೂಟ್ ನೀವೇ ಕಟ್ಟಬೇಕು.

ಇನ್ನು ಲಕ್ಷ ರೀಡಿಂಗ್ ತಗೊಂಡು ಏನು ಮಾಡ್ತೀರಿ? ಏಲಕ್ಕಿ ಒಣಗುವುದು ಗಂಟೆಗಟ್ಟಲೆ. ಸೆಕೆಂಡಿಗೆ ಒಂದು ರೀಡಿಂಗೇ ಹೆಚ್ಚು. ನಿಧಾನವಾಗಿ ಓದುವ ಸಾಧನಕ್ಕೆ ಲಾಭವೂ ಇದೆ: ಬ್ಲೋವರ್ ಮೋಟಾರಿನಿಂದ ನುಸುಳುವ 50 ಹರ್ಟ್ಸ್ ಗದ್ದಲವನ್ನು ಅದು ಸೋಸಿಬಿಡುತ್ತದೆ.

ನನಗೆ ನಿಜವಾಗಿ ಚಿಂತೆ ಇರುವುದು ಆ 25 ಮೀಟರ್ ಬಗ್ಗೆ. 0.5 ಚದರ ಮಿಲಿಮೀಟರ್ ತಾಮ್ರದ ವೈರಾದರೆ ಹೋಗಿ ಬರುವ ದಾರಿಯಲ್ಲಿ ಹತ್ತಿರ ಹತ್ತಿರ 2 ಓಮ್ ಸೇರುತ್ತದೆ. ಎರಡೇ ವೈರಲ್ಲಿ ಅಳೆದರೆ 5 ಡಿಗ್ರಿ ಜಾಸ್ತಿ ತೋರಿಸುತ್ತದೆ! ಈ ಸುಳ್ಳನ್ನು ಕಳೆಯಲೆಂದೇ ಮೂರನೇ ವೈರ್ ಇರುವುದು. ಮಲ್ಟಿಮೀಟರ್ ಹಿಡಿದು ನೋಡಿ. ಮೂರರಲ್ಲಿ ಸಾಮಾನ್ಯವಾಗಿ ಎರಡು ಕೆಂಪು, ಒಂದು ಬಿಳಿ. ಎರಡು ಕೆಂಪು ವೈರ್‌ಗಳ ನಡುವೆ ಬರುವುದು ಬರೀ ವೈರಿನ ಓಮ್. ಕೆಂಪು-ಬಿಳಿ ನಡುವೆ ಬರುವುದು ಸೆನ್ಸರ್ ಮತ್ತು ವೈರ್ ಸೇರಿದ್ದು. ಸಾಧನ ಮೊದಲನೆಯದನ್ನು ಎರಡನೆಯದರಿಂದ ಕಳೆದುಬಿಡುತ್ತದೆ. ಆದರೆ ಮೂರೂ ವೈರ್ ಒಂದೇ ಸಮ ಇವೆ ಅಂತ ಅದು ನಂಬಿಕೊಂಡಿರುತ್ತದೆ. ಒಂದು ಟರ್ಮಿನಲ್ ತುಕ್ಕು ಹಿಡಿದರೆ ಲೆಕ್ಕ ತಪ್ಪಿತು. ಮಲೆನಾಡಿನ ಮಳೆಗಾಲ ನಿಮಗೆ ಹೇಳಬೇಕಾ? ನಾಲ್ಕು ವೈರಿನದರಲ್ಲಿ ಈ ತೊಂದರೆ ಇಲ್ಲ. ಆದರೆ ಹಾಕಿಸಿ ಆಗಿದೆಯಲ್ಲ, ಬಿಡಿ.

ಹಾಗಾಗಿ ನನ್ನ ಸಲಹೆ: ಮೂರು ವೈರ್ ಪಿಟಿ-100 ತಗೊಳ್ಳುವ, ಕರೆಂಟನ್ನು ತಾನೇ ಕೊಡುವ, ಎಂಟು ಚಾನೆಲ್‌ನ ಆರ್‌ಟಿಡಿ ಮಾಡ್ಯೂಲ್ (ಪಿಟಿ-100ನಂಥ ರೆಸಿಸ್ಟರ್ ಸೆನ್ಸರ್ ಓದುವ ಸಾಧನ) ಕೊಳ್ಳಿ. ದೂರದ ಕಂಪ್ಯೂಟರಿಗೆ ವೈರಿನಲ್ಲಿ ಡಿಜಿಟಲ್ ಆಗಿ ಅಂಕಿ ಕಳಿಸಲು ಮಾಡ್‌ಬಸ್, ಆರ್‌ಎಸ್-485 ಇರಲಿ. ಅದನ್ನು ಡ್ರೈಯರ್ ಹತ್ತಿರವೇ, ಆದರೆ ಬಿಸಿ ತಾಗದ ಕಡೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಿ. ಆಗ ಸೆನ್ಸರ್ ವೈರ್ ಗಿಡ್ಡವಾಗುತ್ತದೆ. 25 ಮೀಟರ್ ಓಡುವುದು ಡಿಜಿಟಲ್ ಸಿಗ್ನಲ್ ಮಾತ್ರ. 24 ಬಿಟ್ ಅಂತ ಬರೆದಿದ್ದರೆ ಹಿಗ್ಗಬೇಡಿ. ಕ್ಲಾಸ್ ಬಿ (ನಿಖರತೆಯ ಒಂದು ದರ್ಜೆ) ಸೆನ್ಸರೇ 50 ಡಿಗ್ರಿಯಲ್ಲಿ 0.55 ಡಿಗ್ರಿ ಅತ್ತಿತ್ತ ಇರಬಹುದು.

ಮಗನ ಮಾತನ್ನೂ ತಳ್ಳಿಹಾಕಬೇಡಿ. ಆರ್ಡುಯಿನೋಗೆ ಪಿಟಿ-100 ನೇರವಾಗಿ ಕೊಟ್ಟರೆ ಪ್ರಯೋಜನವಿಲ್ಲ, ನಿಜ. ನಡುವೆ ಇಂಥ ಸೆನ್ಸರ್ ಓದಲೆಂದೇ ಮಾಡಿದ ಮ್ಯಾಕ್ಸ್31865 ಚಿಪ್ ಇದ್ದರೆ ಸುಮಾರು 0.03 ಡಿಗ್ರಿ ಮೆಟ್ಟಿಲಿನಲ್ಲಿ ಓದುತ್ತದೆ. ಒಂದು ಸೆನ್ಸರಿಗೆ ಒಂದು ಬೋರ್ಡ್ ಬೇಕು. ಒಂದೆರಡಕ್ಕೆ ಚೆನ್ನ. ಎಂಟು ಬೋರ್ಡ್, ಹೊಗೆ, ತೇವ, ಮೋಟಾರ್ ಅಂದರೆ ರಗಳೆ.

ಮಾಡ್ಯೂಲ್ ಬಂದ ಮೇಲೆ ಕುದಿಯುವ ನೀರಲ್ಲಿ ಪರೀಕ್ಷೆ ಮಾಡಬೇಡಿ. ನಿಮ್ಮೂರಿನ ಎತ್ತರಕ್ಕೆ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ, ಎಂಟೂ ಸೆನ್ಸರ್ ಆಳವಾಗಿ ಅದ್ದಿ, ಹತ್ತು ನಿಮಿಷ ಬಿಟ್ಟು ನೋಡಿ. ಎಲ್ಲವೂ 0 ಹತ್ತಿರ ಬರಬೇಕು. ಒಂದು ಮಾತ್ರ ಬೇರೆ ತೋರಿಸಿದರೆ ಮೊದಲು ಅದರ ಟರ್ಮಿನಲ್ ಸ್ಕ್ರೂ ಬಿಗಿ ಮಾಡಿ, ಅಂಗಡಿಯವರಿಗೆ ಫೋನ್ ಆಮೇಲೆ.