ಹೊಲದ ಅಂಚಲ್ಲಿ ಬಲೆ ಕಟ್ಟಿ ಕೂತವರು

ಪ್ರಶ್ನೆ: ಎಂಟು ತಿಂಗಳ ಹಿಂದೆ ಇಂಗ್ಲೆಂಡಿನ ಲಿಂಕನ್‌ಷೈರ್‌ನ ಒಂದು ಹಳ್ಳಿಗೆ ಮನೆ ಬದಲಿಸಿದೆವು. ಹಿತ್ತಲ ಬೇಲಿ ದಾಟಿದರೆ ಹೊಲ. ಫೆಬ್ರವರಿಯಿಂದ ಒಬ್ಬರು ಅಲ್ಲಿ ಹಸಿರು ಬಲೆ ಕಟ್ಟಿ, ಅದರ ಹಿಂದೆ ಕೂತು ಪಾರಿವಾಳ ಹೊಡೆಯುತ್ತಾರೆ. ಮಗಳು ನೋಡಿ ಅತ್ತಳು. ಇದು ಬರೀ ಶೋಕಿಯಾ? ಕಾನೂನು ಇದನ್ನು ಒಪ್ಪುತ್ತದಾ?

ಉತ್ತರ: ಮಗಳು ಅತ್ತದ್ದು ಸಹಜ. ನಮಗೆ ಪಾರಿವಾಳ ಅಂದರೆ ದೇವಸ್ಥಾನದ ಗೋಪುರ, ಅಲ್ಲಿ ಚೆಲ್ಲಿದ ಜೋಳ. ಆದರೆ ನಿಮ್ಮ ಹೊಲಕ್ಕೆ ಬರುವುದು ಆ ಹಕ್ಕಿಯಲ್ಲ. ಅದು ವುಡ್‌ಪಿಜನ್, ಕಾಡುಪಾರಿವಾಳ. ಸುಮಾರು ಅರ್ಧ ಕಿಲೋ ತೂಗುತ್ತದೆ. ಕತ್ತಿನ ಎರಡೂ ಬದಿಗೆ ಬಿಳಿ ಮಚ್ಚೆ, ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟಿ. ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ಜೋಡಿ ಇವೆ.

ಇಷ್ಟು ಹೆಚ್ಚಲು ಒಂದು ಮುಖ್ಯ ಕಾರಣ ಆಯಿಲ್‌ಸೀಡ್ ರೇಪ್. ನಮ್ಮ ಸಾಸಿವೆಯ ಹತ್ತಿರದ ಬಂಧು, ಹಳದಿ ಹೂವಿನ ಬೆಳೆ. ಚಳಿಗಾಲಕ್ಕೆ ಮುಂಚೆ ಬಿತ್ತುತ್ತಾರೆ. ಜನವರಿಯಲ್ಲಿ ಬೇರೆ ಮೇವು ಕಡಿಮೆಯಾದಾಗಲೂ ಇದು ಹಸಿರಾಗಿರುತ್ತದೆ. ಹಿಂದೆಲ್ಲ ಚಳಿಯಲ್ಲಿ ಹಸಿದು ಸಾಯುತ್ತಿದ್ದ ಹಕ್ಕಿಗಳಿಗೆ ಈಗ ಊಟ ಸಿಕ್ಕಿತು. ಬೆಳೆ ಸಲಹೆಗಾರನಾಗಿ ನಾನು ಅಂಥ ಹೊಲಗಳನ್ನು ನೋಡಿದ್ದೇನೆ. ಎಲೆಯೆಲ್ಲ ಹೋಗಿ ನಡುವಿನ ದಂಟು ಮಾತ್ರ ನಿಂತಿರುತ್ತದೆ. ಕುಡಿ ಕಿತ್ತ ಗಿಡ ಮತ್ತೆ ಚಿಗುರುತ್ತದೆ, ಆದರೆ ತಡವಾಗಿ. ಅರ್ಧ ಹೊಲ ಮಾಗಿರುತ್ತದೆ, ಇನ್ನರ್ಧ ಹಸಿಯಾಗಿರುತ್ತದೆ. ಕೊಯ್ಲು ಯಾವಾಗ ಮಾಡುವುದು ಹೇಳಿ?

ಈಗ ಕಾನೂನು. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಕಾಡು ಹಕ್ಕಿಗಳಿಗೆಲ್ಲ ರಕ್ಷಣೆ ಇದೆ, ಈ ಪಾರಿವಾಳಕ್ಕೂ. ಅದನ್ನು ಹೊಡೆಯಲು ಜನರಲ್ ಲೈಸೆನ್ಸ್, ಅಂದರೆ ಷರತ್ತು ಪಾಲಿಸುವವರಿಗೆಲ್ಲ ಅನ್ವಯಿಸುವ ಸಾಮಾನ್ಯ ಅನುಮತಿಯ ಆಸರೆ ಬೇಕು. ಇಂಗ್ಲೆಂಡಿನಲ್ಲಿ ಬೆಳೆಹಾನಿ ತಡೆಯುವ ಲೈಸೆನ್ಸಿಗೆ ಜಿಎಲ್42 ಅಂತ ಹೆಸರು. ಅರ್ಜಿ ಬೇಡ, ಶುಲ್ಕ ಇಲ್ಲ. ಆದರೆ ಷರತ್ತುಗಳಿವೆ. ಸುಮ್ನೆ ಮೋಜಿಗೆ ಹೊಡೆಯುವಂತಿಲ್ಲ. ಬೆಳೆಗೆ ಗಂಭೀರ ನಷ್ಟ ಆಗುವಂತಿರಬೇಕು, ಜಮೀನಿನವರ ಒಪ್ಪಿಗೆ ಇರಬೇಕು, ಹಕ್ಕಿಯನ್ನು ಕೊಲ್ಲದೆ ಓಡಿಸುವ ದಾರಿಗಳನ್ನೂ ಪ್ರಯತ್ನಿಸಬೇಕು. 2019ರ ಏಪ್ರಿಲ್‌ನಲ್ಲಿ ವೈಲ್ಡ್ ಜಸ್ಟಿಸ್ ಎಂಬ ಸಂಸ್ಥೆ ಕಾನೂನಿನ ಪ್ರಶ್ನೆ ಎತ್ತಿದಾಗ ಹಳೆಯ ಲೈಸೆನ್ಸುಗಳೇ ರದ್ದಾಗಿದ್ದವು. ಬಟಾಣಿ ಬಿತ್ತುವ ಕಾಲ, ರೈತರು ಕಂಗಾಲಾದರು. ಆದರೂ ಆ ಪ್ರಶ್ನೆ ಎದ್ದದ್ದು ಒಳ್ಳೆಯದೇ ಆಯ್ತು ಅಂತ ನನ್ನ ಅಭಿಪ್ರಾಯ. ‘ಯಾಕೆ ಹೊಡೆಯುತ್ತಿದ್ದೇನೆ’ ಅಂತ ಕೋವಿ ಹಿಡಿದವರೆಲ್ಲ ಕೇಳಿಕೊಳ್ಳಬೇಕಾಯಿತು.

ಓಡಿಸಿದರೆ ಸಾಲದಾ ಅಂತ ನೀವು ಕೇಳಬಹುದು. ಆಗಾಗ ಢಂ ಅನ್ನುವ ಗ್ಯಾಸ್ ಗನ್ ಇಡುತ್ತಾರೆ, ಗಿಡುಗದ ಆಕಾರದ ಗಾಳಿಪಟ ಕಟ್ಟುತ್ತಾರೆ, ಬೆರ್ಚಪ್ಪನನ್ನೂ ನಿಲ್ಲಿಸುತ್ತಾರೆ. ಕೆಲವು ದಿನ ಕೆಲಸ ಮಾಡುತ್ತದೆ. ಆಮೇಲೆ ಬೆರ್ಚಪ್ಪನ ತಲೆ ಮೇಲೆ ಕಾಗೆ ಕೂತ ಕಥೆಯೇ.

ಬಲೆಯ ಹಿಂದೆ ಕೂತವರಿಗೆ ಇದು ಸಾಮಾನ್ಯವಾಗಿ ಸಂಬಳದ ಕೆಲಸವಲ್ಲ. ನಲ್ಲಿ ರಿಪೇರಿಯವರೋ, ನಿವೃತ್ತ ಮೇಷ್ಟ್ರೋ ಇರಬಹುದು. ಈ ಹವ್ಯಾಸದಲ್ಲಿ ಗುಂಡು ಹಾರಿಸುವುದಕ್ಕಿಂತ ನೋಡುವುದೇ ಜಾಸ್ತಿ. ಹಿಂದಿನ ದಿನವೇ ಬೈನಾಕ್ಯುಲರ್ ಹಿಡಿದು ಗದ್ದೆದಾರಿಯಲ್ಲಿ ಕಾಯುತ್ತಾರೆ. ಹಕ್ಕಿಗಳು ಯಾವ ಮರಸಾಲು ಹಿಡಿದು ಬರುತ್ತವೆ, ಎಲ್ಲಿ ಇಳಿಯುತ್ತವೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಹಕ್ಕಿ ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಗಾಳಿ ಬೆನ್ನಿಗೆ ಬರುವಂತೆ ಕೂತು, ಪ್ಲಾಸ್ಟಿಕ್ ಪಾರಿವಾಳಗಳನ್ನು ಮುಂದೆ ಕುದುರೆಲಾಳದ ಆಕಾರದಲ್ಲಿ ಇಡುತ್ತಾರೆ. ಅವುಗಳ ಕೊಕ್ಕೂ ಸುಮಾರಾಗಿ ಗಾಳಿಯ ಕಡೆಗೇ. ನಡುವೆ ಖಾಲಿ ಜಾಗ ಬಿಡುತ್ತಾರೆ. ಬಂದ ಹಕ್ಕಿ ಅಲ್ಲೇ ಇಳಿಯಲು ನೋಡುತ್ತದೆ, ಸುಮಾರು ಮೂವತ್ತು ಮೀಟರ್ ಒಳಗೆ. ಅದಕ್ಕಿಂತ ದೂರದ ಹಕ್ಕಿಗೆ ಒಳ್ಳೆಯ ಗುರಿಕಾರರು ಕೋವಿ ಎತ್ತುವುದಿಲ್ಲ. ಚರೆ ತಾಗಿ ಗಾಯವಾಗಿ ಹೋದರೆ ಅದು ನರಳುತ್ತದೆ.

ರೈತರ ಜೊತೆ ಅವರ ಒಪ್ಪಂದ ಸಾಮಾನ್ಯವಾಗಿ ಬಾಯಿಮಾತಿನದು. ಗೇಟು ಮುಚ್ಚಬೇಕು, ಖಾಲಿ ತೋಟಾ ಒಂದೂ ಬಿಡಬಾರದು. ಉಣ್ಣೆ ತುಂಬಿದ ಕುರಿ ಅಂಗಾತ ಬಿದ್ದು ಏಳಲಾಗದೆ ಒದ್ದಾಡುತ್ತಿದ್ದರೆ ತಿರುಗಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಅದು ಅಲ್ಲೇ ಸಾಯುತ್ತದೆ. ಇಂಥ ಸಣ್ಣ ಕೆಲಸಗಳಿಂದಲೇ ವರ್ಷ ವರ್ಷ ಒಪ್ಪಿಗೆ ಉಳಿಯುವುದು.

ಒಂದು ವಿಷಯ ಮಾತ್ರ ನನ್ನನ್ನು ಈಗಲೂ ಕಾಡುತ್ತದೆ. ಈ ಹಕ್ಕಿ ಹೆಚ್ಚಾಗಿ ಮರಿ ಮಾಡುವುದು ಬೇಸಿಗೆಯ ಕೊನೆಗೆ, ಕಾಳು ಮಾಗುವಾಗ. ತಂದೆ ತಾಯಿ ಇಬ್ಬರೂ ಗಂಟಲ ಚೀಲದ ಹಾಲು ಕುಡಿಸಿ ಸಾಕುತ್ತವೆ. ಆಗ ಹೊಡೆದರೆ ಗೂಡಲ್ಲಿ ಮರಿ ಉಪವಾಸ. ಬೆಳೆಗೆ ನಿಜವಾದ ಹಾನಿ ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಕೋವಿ ಕೆಳಗಿಡಬೇಕು. ಎಷ್ಟು ಬಿದ್ದವು ಅಂತ ಲೆಕ್ಕ ಹೇಳಿ ಹಿಗ್ಗುವವರನ್ನು ನಾನು ಮೆಚ್ಚುವುದಿಲ್ಲ.

ಅವರು ಬಲೆ ಬಿಚ್ಚಿ ಸಾಮಾನು ಕಟ್ಟುವಾಗ ಮಗಳ ಜೊತೆ ಹೋಗಿ ಮಾತಾಡಿಸಿ. ಗುಂಡು ಹಾರುತ್ತಿರುವಾಗ ಮಾತ್ರ ಹೋಗಬೇಡಿ. ಅವಳ ಪ್ರಶ್ನೆಗಳಿಗೆ ಅವರೇ ಉತ್ತರ ಕೊಡಲಿ.

ಪ್ರಶ್ನೆ: ನಾರ್ಫೋಕ್‌ನಲ್ಲಿ ಇದ್ದೇವೆ. ಪಕ್ಕದ ಮನೆಯ ಹಿರಿಯರು ನಾಲ್ಕು ಪಾರಿವಾಳ ತಂದುಕೊಟ್ಟರು. ತಿನ್ನಬಹುದಾ? ನಾನು ಈಗ ಗರ್ಭಿಣಿ.

ಉತ್ತರ: ಕೊಟ್ಟದ್ದು ಪ್ರೀತಿಯಿಂದ, ಬೇಸರ ಮಾಡಿಕೊಳ್ಳಬೇಡಿ. ಆದರೆ ಸೀಸದ ಚರೆಯಿಂದ ಹೊಡೆದಿದ್ದರೆ ನೀವು ತಿನ್ನಬೇಡಿ, ಚಿಕ್ಕ ಮಕ್ಕಳಿಗೂ ಕೊಡಬೇಡಿ. ಸೀಸವಾ, ಉಕ್ಕಾ ಅಂತ ಅವರನ್ನೇ ಕೇಳಿ. ಕೇಳಿದರೆ ತಪ್ಪು ತಿಳಿಯುವುದಿಲ್ಲ.

ಮನೆಯ ಉಳಿದವರಿಗೆ ಮಾಡುವುದಾದರೆ ಇಡೀ ಹಕ್ಕಿಯ ಪುಕ್ಕ ಕೀಳುವ ಕಷ್ಟ ಬೇಡ. ಎದೆಯ ಚರ್ಮ ಸುಲಿದು ಎರಡು ತುಂಡು ಮಾಂಸ ಬಿಡಿಸಿಕೊಳ್ಳಿ, ಹೆಚ್ಚಿನ ಮಾಂಸ ಅಲ್ಲೇ ಇರುವುದು. ಬೆರಳಿಂದ ಒತ್ತಿ ಚರೆ ಹುಡುಕಿ ತೆಗೆಯಿರಿ. ಈರುಳ್ಳಿ, ಶುಂಠಿ, ಧಾರಾಳವಾಗಿ ಕಾಳುಮೆಣಸು, ಕೊನೆಗೆ ಸ್ವಲ್ಪ ಹುಳಿ. ನಾಟಿಕೋಳಿಗಿಂತ ಕಪ್ಪು ಮಾಂಸ, ಕೊಬ್ಬು ಕಡಿಮೆ. ಬಲಿತ ಹಕ್ಕಿಯಾದರೆ ಸಣ್ಣ ಉರಿಯಲ್ಲಿ ಜಾಸ್ತಿ ಹೊತ್ತು ಬೇಯಲಿ. ಕತ್ತಿನಲ್ಲಿ ಬಿಳಿ ಮಚ್ಚೆ ಇನ್ನೂ ಮೂಡದಿದ್ದರೆ ಅದು ಎಳೆಯದು, ಬೇಗ ಬೇಯುತ್ತದೆ.

ಪ್ರಶ್ನೆ: ಸಹೋದ್ಯೋಗಿ ಶನಿವಾರ ಪಾರಿವಾಳ ಹೊಡೆಯಲು ಕರೆದಿದ್ದಾರೆ. ನನಗೆ ಕೋವಿ ಪರವಾನಗಿ ಇಲ್ಲ. ಹೋಗಬಹುದಾ?

ಉತ್ತರ: ನೋಡಲು ಹೋಗಬಹುದು. ಅವರ ತೋಟಾಕೋವಿ ಹಿಡಿಯಬೇಕಾದರೆ ಅದು ಖಾಸಗಿ ಜಮೀನಾಗಿರಬೇಕು, ಅವರು ನಿಮ್ಮ ಜೊತೆಗೇ ಇರಬೇಕು. ಜಮೀನು ಅವರದ್ದಲ್ಲದಿದ್ದರೆ ಮಾಲೀಕರು ಅವರಿಗೆ ಬರಹದಲ್ಲಿ ಅನುಮತಿ ಕೊಟ್ಟಿರಬೇಕು. ಇದನ್ನು ಮೊದಲೇ ಕೇಳಿ. ಮುಂದೆ ಸ್ವಂತ ಕೋವಿ ಬೇಕೆಂದರೆ ಪೊಲೀಸರಿಂದ ಐದು ವರ್ಷದ ಸರ್ಟಿಫಿಕೇಟ್ ಪಡೆಯಬೇಕು, ವೈದ್ಯರ ಮಾಹಿತಿಯೂ ಬೇಕಾಗುತ್ತದೆ.

ಆದರೆ ಜೀವ ಇರುವ ಹಕ್ಕಿಯ ಮೇಲೆ ಕಲಿಯಬೇಡಿ. ಮೊದಲು ಹಾರುವ ತಟ್ಟೆಗೆ ಗುರಿಯಿಡುವ ಕ್ಲೇ ಮೈದಾನಕ್ಕೆ ಹೋಗಿ. ಹಿಂದೆ ಅಲ್ಲಿ ಪೆಟ್ಟಿಗೆಯಿಂದ ನಿಜವಾದ ಪಾರಿವಾಳಗಳನ್ನೇ ಹಾರಿಬಿಟ್ಟು ಪಂದ್ಯ ಆಡುತ್ತಿದ್ದರು. 1921ರಲ್ಲಿ ಬ್ರಿಟನ್ ಅದನ್ನು ನಿಷೇಧಿಸಿತು. ಈಗ ಹಾರುವುದು ತಟ್ಟೆ ಮಾತ್ರ.

ಶನಿವಾರ ಕೋವಿ ಮುಟ್ಟದೆ ಬಲೆಯ ಹಿಂದೆ ಕೂತು ಹಕ್ಕಿ ಗುರುತಿಸುವುದನ್ನು ಕಲಿಯಿರಿ. ಕತ್ತಿನಲ್ಲಿ, ರೆಕ್ಕೆಯಲ್ಲಿ ಬಿಳಿಯೇ ಇಲ್ಲದ, ಸ್ವಲ್ಪ ಚಿಕ್ಕ ಹಕ್ಕಿ ಬಂದರೆ ಅದು ಸ್ಟಾಕ್ ಡವ್ ಇರಬಹುದು. ಅದನ್ನು ಹೊಡೆಯುವಂತಿಲ್ಲ. ಕಾಲಲ್ಲಿ ಉಂಗುರ ಹಾಕಿಕೊಂಡು ಮನೆಗೆ ಮರಳುತ್ತಿರುವ ಪಂದ್ಯದ ಪಾರಿವಾಳವೂ ಇರಬಹುದು. ಫ್ಲಾಸ್ಕಿನಲ್ಲಿ ಬಿಸಿ ಚಹಾ ಒಯ್ಯಿರಿ, ಮಂಕು ಬಣ್ಣದ ಟೋಪಿ ಹಾಕಿ. ರೆಕ್ಕೆ ಸದ್ದು ಕೇಳಿದಾಗ ತಲೆ ಎತ್ತಬೇಡಿ. ಹಕ್ಕಿಗೆ ಮೊದಲು ಕಾಣುವುದು ನಮ್ಮ ಮುಖ.